ಚಳಿಜ್ವರದ ಮಾತ್ರೆಯೂ ಬಾಯಿಯ ಉರಿಯೂ

(ಕೋಪರಿಯಲ್ಲಿ ನಡೆದ ಕನ್ನಡ ಕೆಲಸಗಾರರ ಸಭೆಯಲ್ಲಿ ದಂತವೈದ್ಯರೊಬ್ಬರು ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸುಗಳ ಮಾತಾಡಬೇಕಾದ ಸಭೆಯಲ್ಲಿ ಈ ಮನುಷ್ಯ ಬಾಯಿಹುಣ್ಣಿನ ವಿಷಯ ಎತ್ತಿಕೊಂಡನಲ್ಲ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಅಡಿಗೆಯವನಿಗೆ ನಾಲಗೆಯೇ ಬಂಡವಾಳ. ಸಾಂಬಾರಿಗೆ ಹುಳಿ ಹಿಡಿಯಿತೇ, ಚಟ್ನಿಗೆ ಖಾರ ಸಾಲದೇ ಎಂಬುದನ್ನು ಯಾವ ತಕ್ಕಡಿಯೂ ಹೇಳದು. ಆ ಬಾಯಿಯೇ ಬೆಂಕಿಯಾದರೆ ಅವನ ಕೆಲಸ ನಡೆಯುವುದು ಹೇಗೆ? ಗಿರಣಿಯಲ್ಲಿಯೋ ಭಿವಂಡಿಯ ಮಗ್ಗಗಳಲ್ಲಿಯೋ ದುಡಿಯುವವನಿಗಾದರೂ ಎರಡು ಹೊತ್ತಿನ ಊಟ ಗಂಟಲಿಳಿಯದಿದ್ದರೆ ಎಂಟು ಗಂಟೆ ನಿಲ್ಲುವ ತ್ರಾಣ ಎಲ್ಲಿಂದ ಬಂದೀತು? ಆದುದರಿಂದ ಇದೂ ನಮ್ಮ ದುಡಿಮೆಯ ವಿಷಯವೇ ಎಂದು ಭಾವಿಸಿ ತಾವು ಸ್ವಲ್ಪ ಹೊತ್ತು ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ನಾನು ಹೇಳಹೊರಟಿರುವ ರೋಗದ ಹೆಸರು ಲೈಕನ್ ಪ್ಲೇನಸ್. ಹೆಸರು ಪರದೇಶದ್ದಾದರೂ ಅದರ ಅರ್ಥ ತಮ್ಮ ಅಡಿಗೆಮನೆಯಲ್ಲಿಯೇ ಉಂಟು. ಮಸಾಲೆಗೆ ಹಾಕುವ ಕಲ್ಲುಹೂವು, ಇಲ್ಲಿನ ಮರಾಠಿ ಜನ ದಗಡಫೂಲ್ ಎನ್ನುವುದು, ಅದೇ ಲೈಕನ್. ಬಂಡೆಯ ಮೇಲೆ, ಮರದ ತೊಗಟೆಯ ಮೇಲೆ ಬೆಳ್ಳಗೆ ಬೂದಿಬಣ್ಣಕ್ಕೆ ಹಬ್ಬಿಕೊಂಡಿರುತ್ತದೆ. 1869ರಲ್ಲಿ ಎರಾಸ್ಮಸ್ ವಿಲ್ಸನ್ ಎಂಬ ಲಂಡನ್ನಿನ ವೈದ್ಯರು ಚರ್ಮದ ಮೇಲೆ ಏಳುವ ಒಂದು ಬಗೆಯ ಚಪ್ಪಟೆ ಗಂಟುಗಳನ್ನು ವರ್ಣಿಸಿ ಈ ಹೆಸರನ್ನಿಟ್ಟರು. ಅದು ಚರ್ಮದ ಮೇಲೆ ಬಂದರೆ ಬಹುಮಟ್ಟಿಗೆ ಒಂದೆರಡು ವರ್ಷಗಳಲ್ಲಿ ತಾನಾಗಿ ಹೋಗುತ್ತದೆ. ಬಾಯಿಯೊಳಗೆ ಬಂದರೆ ಹಾಗಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಕಾಡುವುದುಂಟು.

ಇದರ ಗುರುತೇನು? ಎರಡೂ ಕೆನ್ನೆಗಳ ಒಳಮೈಯಲ್ಲಿ ಬಿಳಿಯ ನೂಲಿನಿಂದ ಬಲೆ ಹೆಣೆದಂತೆ ಸಣ್ಣ ಗೆರೆಗಳು ಕಾಣುತ್ತವೆ. ಗಿರಣಿಯವರಿಗೆ ಹೇಳುವುದಾದರೆ, ಜಾಳಾಗಿ ನೇಯ್ದ ಬಟ್ಟೆಯ ಹಾಗೆ. ಬೆರಳಿನಿಂದ ಉಜ್ಜಿದರೆ ಹೋಗುವುದಿಲ್ಲ. ಬರಿಯ ಗೆರೆಗಳಿದ್ದಾಗ ನೋವಿರುವುದಿಲ್ಲ. ಎಷ್ಟೋ ಜನಕ್ಕೆ ತಮಗೆ ಅದಿದೆಯೆಂಬುದೇ ತಿಳಿದಿರುವುದಿಲ್ಲ. ತೊಂದರೆ ಬರುವುದು ಆ ಬಲೆಯ ನಡುವೆ ಮೈ ಕೆಂಪಾಗಿ, ತೆಳುವಾಗಿ, ಸುಲಿದು ಹುಣ್ಣಾದಾಗ. ಆಗ ಹಸಿಮೆಣಸು ಬೇಡ, ಬಿಸಿ ಚಹಾ ಸಹ ತುಟಿಗೆ ತಾಗಿಸುವಂತಿಲ್ಲ. ವಸಡು ಕೆಂಪಾಗಿ ಬ್ರಶ್ಶು ಮುಟ್ಟಿದರೆ ರಕ್ತ ಬರುತ್ತದೆ. ಲೆಕ್ಕ ನೋಡಿದರೆ ನೂರರಲ್ಲಿ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ ಇರುವ ರೋಗ. ಮೂವತ್ತು ದಾಟಿದವರಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಇನ್ನೂ ಹೆಚ್ಚು.

ಇದು ಅಂಟುರೋಗವಲ್ಲ. ಈ ಮಾತನ್ನು ನಾನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ಹೋಟೆಲಿನ ಅಡಿಗೆಯವರು ಈ ರೋಗವನ್ನು ಬಚ್ಚಿಡುವುದು ನೋವಿಗೆ ಹೆದರಿ ಅಲ್ಲ, ಗಲ್ಲೆಯ ಮೇಲೆ ಕೂತವರಿಗೆ ಹೆದರಿ. ‘ಬಾಯಿಯಲ್ಲಿ ಹುಣ್ಣಿರುವವನು ಪಾತ್ರೆಯ ಹತ್ತಿರ ಬೇಡ’ ಎಂದು ಯಾರಾದರೂ ಅಂದುಬಿಟ್ಟರೆ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ಅಂಜಿಕೆ. ಆ ಅಂಜಿಕೆಗೆ ಆಧಾರವಿಲ್ಲ. ಇದರಲ್ಲಿ ಹರಡುವ ಕ್ರಿಮಿ ಯಾವುದೂ ಇಲ್ಲ. ಎಂಜಲಿನಿಂದ, ಲೋಟದಿಂದ, ಒಂದೇ ಕೋಣೆಯಲ್ಲಿ ಮಲಗುವುದರಿಂದ ಇನ್ನೊಬ್ಬರಿಗೆ ಹೋಗುವುದಿಲ್ಲ. ನಮ್ಮ ದೇಹವನ್ನು ಕಾಯಬೇಕಾದ ಬಿಳಿರಕ್ತದ ಕಣಗಳೇ ದಾರಿತಪ್ಪಿ ನಮ್ಮ ಬಾಯಿಯ ಒಳಮೈಯ ತಳಪದರವನ್ನು ಹಗೆಯೆಂದು ತಿಳಿದು ಹೊಡೆಯುವುದರಿಂದ ಬರುವ ರೋಗ ಇದು. ಮನೆಯ ಕಾವಲುಗಾರನೇ ಮನೆಯವರ ಮೇಲೆ ದೊಣ್ಣೆಯೆತ್ತಿದ ಹಾಗೆ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಿಬಿಡಬೇಕು. ಕವಳ, ಮಾವಾ, ಗುಟ್ಕಾ, ಸುಣ್ಣ ತಿಕ್ಕಿದ ತಂಬಾಕು, ಇವುಗಳನ್ನು ಕೆನ್ನೆಯಲ್ಲಿಟ್ಟುಕೊಳ್ಳುವವರಿಗೂ ಬಿಳಿಯ ಮಚ್ಚೆಗಳು ಬರುತ್ತವೆ. ಅವು ಲೈಕನ್ ಅಲ್ಲ. ಕವಳ ಇಡುವ ಜಾಗದಲ್ಲಿಯೇ ಕಲ್ಲುಹೂವಿನಂಥ ಗೆರೆ ಮೂಡಿದರೆ ಕವಳ ಬಿಟ್ಟ ಮೇಲೆ ಅದು ಮಾಯುವುದುಂಟು. ಅಡಿಕೆಯಿಂದ ಬರುವ ಇನ್ನೊಂದು ರೋಗದಲ್ಲಿ ಕೆನ್ನೆ ಹಲಗೆಯಂತೆ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅದು ನಮ್ಮ ದೇಶದ ರೋಗವೇ ಸರಿ; 1953ರಲ್ಲಿ ಡಾ. ಜೋಶಿಯವರು ಅದನ್ನು ಇಲ್ಲಿ ವರ್ಣಿಸಿದರು. ಅಡಿಕೆ ಬೆಳೆದು ಬಾಳಿದ ಸೀಮೆಯಿಂದ ಬಂದವರು ನಾವು, ಅಡಿಕೆಯನ್ನು ಹಳಿದರೆ ಊರಿನವರಿಗೆ ಬೇಸರವಾದೀತು. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ, ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್ ತರತಕ್ಕದ್ದೆಂದು ಸಾರಿದೆ. ಮೂರು ರೋಗಗಳಿಗೂ ಉರಿಯೆಂಬುದು ಸಮಾನ. ಔಷಧ ಮಾತ್ರ ಬೇರೆ ಬೇರೆ. ಆದುದರಿಂದ ‘ಬಿಳಿ ಮಚ್ಚೆ, ಉರಿ’ ಎಂದು ಕೇಳಿದೊಡನೆಯೇ ಪಕ್ಕದವನ ಔಷಧವನ್ನು ತಾವು ನುಂಗಬಾರದು.

ಈಗ ಚಳಿಜ್ವರದ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಈ ಮಾತ್ರೆಯ ಪರಿಚಯ ತಮಗೆ ಹೊಸದಲ್ಲ. ಮುಂಬಯಿ ಠಾಣೆಗಳಲ್ಲಿ ನಾಲ್ಕು ಮಳೆಗಾಲ ಕಳೆದವನಿಗೆ ಕ್ಲೋರೋಕ್ವಿನ್ನಿನ ಕಹಿ ಗೊತ್ತೇ ಇರುತ್ತದೆ: ಮೊದಲ ದಿನ ನಾಲ್ಕು, ಎರಡನೆಯ ದಿನ ನಾಲ್ಕು, ಮೂರನೆಯ ದಿನ ಎರಡು. ನಮ್ಮ ಹಿರಿಯರಿಗಂತೂ ಚಳಿಜ್ವರ ಮನೆಯ ನೆಂಟನಂತಿತ್ತು. ಮಲೆನಾಡಿನ, ಕಾರವಾರ ಜಿಲ್ಲೆಯ ಊರೂರುಗಳನ್ನು ಅದು ಬರಿದು ಮಾಡಿತ್ತು. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರು ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡ, ಕಾರವಾರ ಜಿಲ್ಲೆಗಳಲ್ಲಿ ಮನೆಮನೆಗೆ ಡಿ.ಡಿ.ಟಿ. ಹೊಡೆಸಿ ಜ್ವರವನ್ನು ತಗ್ಗಿಸಿದರು. ಇಡೀ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಪ್ರಾರಂಭವಾದದ್ದು ಆ ಬಳಿಕ, 1953ರಲ್ಲಿ.

ಸೊಳ್ಳೆ ಕಚ್ಚಿ ಬರುವ ಜ್ವರದ ಮಾತ್ರೆಗೂ ಬಾಯಿಯ ಬಿಳಿ ಬಲೆಗೂ ಎತ್ತಣಿಂದೆತ್ತ ಸಂಬಂಧ? ಸಂಬಂಧ ಒದಗಿಬಂದ ಬಗೆ ಕುತೂಹಲಕರವಾಗಿದೆ. ಲೂಪಸ್ ಎಂಬ ಇನ್ನೊಂದು ರೋಗವುಂಟು, ಅಲ್ಲಿಯೂ ಕಾವಲುಗಾರನೇ ಹೊಡೆಯುವವನು. 1894ರಲ್ಲಿ ಲಂಡನ್ನಿನ ಡಾ. ಪೇನ್ ಅವರು ಕ್ವಿನೈನ್ ಕೊಟ್ಟರೆ ಲೂಪಸಿನ ಚರ್ಮದ ಗಾಯಗಳು ತಗ್ಗುತ್ತವೆಂದು ಕಂಡರು. ಅದನ್ನು ಯಾರೂ ಅಷ್ಟಾಗಿ ಲಕ್ಷಿಸಲಿಲ್ಲ. ಮುಂದೆ ಎರಡನೆಯ ಮಹಾಯುದ್ಧ ಬಂತು. ಜಗತ್ತಿನ ಕ್ವಿನೈನಿನಲ್ಲಿ ಬಹುಪಾಲು ಜಾವಾ ದ್ವೀಪದ ತೋಟಗಳಿಂದ ಬರುತ್ತಿದ್ದು, 1942ರಲ್ಲಿ ಆ ದ್ವೀಪ ಜಪಾನೀಯರ ವಶವಾಯಿತು. ಮಿತ್ರರಾಷ್ಟ್ರಗಳ ಲಕ್ಷಾಂತರ ಸಿಪಾಯಿಗಳಿಗೆ ಕ್ವಿನೈನಿನ ಬದಲು ಮೆಪಾಕ್ರಿನ್ ಎಂಬ ಹಳದಿ ಮಾತ್ರೆಯನ್ನು ದಿನಾ ನುಂಗಿಸಿದರು. ಅದನ್ನು ನುಂಗಿದವರ ಮೈಯೂ ಹಳದಿಯಾಗುತ್ತಿತ್ತು. ಆ ಕಾಲದಲ್ಲಿಯೇ ಕೀಲುವಾತವಿದ್ದವರಿಗೆ, ಚರ್ಮದ ರೋಗವಿದ್ದವರಿಗೆ ಇದರಿಂದ ಗುಣ ಕಂಡಿತೆಂಬ ಸುದ್ದಿ ಹಬ್ಬಿತು. 1951ರಲ್ಲಿ ಡಾ. ಪೇಜ್ ಎಂಬವರು 18 ಮಂದಿ ಲೂಪಸ್ ರೋಗಿಗಳಿಗೆ ಮೆಪಾಕ್ರಿನ್ ಕೊಟ್ಟು ಬಂದ ಫಲವನ್ನು ಪ್ರಕಟಿಸಿದರು. ಅಲ್ಲಿಂದ ವೈದ್ಯಲೋಕ ಕಣ್ಣು ತೆರೆಯಿತು. ಕ್ಲೋರೋಕ್ವಿನ್ನಿನ ರಚನೆಯಲ್ಲಿ ಸ್ವಲ್ಪ ಬದಲಾವಣೆ ಮಾಡಿ, ಅದರಷ್ಟು ತೀಕ್ಷ್ಣವಲ್ಲದ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆಯನ್ನು ತಯಾರಿಸಿದರು. 1955ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದು ಲೂಪಸಿಗೂ ಕೀಲುವಾತಕ್ಕೂ ಕೊಡುವ ಮಾತ್ರೆ ಇದೇ. ಬಾಯಿಯ ಲೈಕನ್ನಿಗೆ ಪ್ರಯೋಗಿಸಿದ್ದೂ ಇದನ್ನೇ.

ಒಂದು ವಿಚಿತ್ರವನ್ನು ಹೇಳದಿದ್ದರೆ ಚರಿತ್ರೆ ಅರ್ಧವಾದೀತು. ನ್ಯೂಗಿನಿಯ ಕಾಡುಗಳಲ್ಲಿ ಆ ಹಳದಿ ಮಾತ್ರೆ ನುಂಗಿದ ಸಿಪಾಯಿಗಳಲ್ಲಿ ಕೆಲವರಿಗೆ ಮೈಮೇಲೆ, ಬಾಯಿಯಲ್ಲಿ ಲೈಕನ್ನಿನಂಥದೇ ಗಂಟುಗಳೂ ಗೆರೆಗಳೂ ಎದ್ದವು! ಮಾತ್ರೆಯೇ ರೋಗದ ರೂಪವನ್ನು ತಂದಿತು. ಹೈಡ್ರಾಕ್ಸಿಕ್ಲೋರೋಕ್ವಿನ್ನಿನಿಂದಲೂ ಅಪರೂಪವಾಗಿ ಹೀಗಾಗುವುದುಂಟು. ರೋಗವನ್ನು ತಗ್ಗಿಸುವ ಕುಲದ ಔಷಧವೇ ರೋಗದ ನಕಲನ್ನೂ ತರಬಲ್ಲದು ಎಂದ ಮೇಲೆ, ‘ಗುಣವಾಗದಿದ್ದರೆ ಇನ್ನೆರಡು ಮಾತ್ರೆ ಹೆಚ್ಚು’ ಎಂಬ ನಮ್ಮ ಚಾಳಿನ ವೈದ್ಯ ಇಲ್ಲಿ ನಡೆಯದು.

ಮಾತ್ರೆ ಕೆಲಸ ಮಾಡುವ ಬಗೆಯನ್ನು ಹಿಟ್ಟು ಹುಳಿ ಬರಿಸುವವರಿಗೆ ತಿಳಿಸುವುದು ಸುಲಭ. ಜೀವಕೋಶಗಳೊಳಗೆ ಹುಳಿ ತುಂಬಿದ ಸಣ್ಣ ಸಣ್ಣ ಚೀಲಗಳಿವೆ. ಮಲೇರಿಯಾದ ಕ್ರಿಮಿ ನಮ್ಮ ಕೆಂಪು ರಕ್ತಕಣದೊಳಗೆ ಸೇರಿ, ರಕ್ತದ ಕೆಂಪನ್ನು ತನ್ನ ಹುಳಿಚೀಲದಲ್ಲಿ ಹಾಕಿ ಅರಗಿಸುತ್ತದೆ. ಅರಗಿಸಿದಾಗ ಉಳಿಯುವ ಕಬ್ಬಿಣದ ಕಸ ಅದಕ್ಕೇ ವಿಷ. ಆ ಕಸವನ್ನು ಅದು ಹರಳುಗಟ್ಟಿಸಿ ಮೂಲೆಗೆ ಹಾಕುತ್ತದೆ. ಮಾತ್ರೆ ಆ ಚೀಲಕ್ಕೆ ನುಗ್ಗಿ ಹರಳುಗಟ್ಟದಂತೆ ಮಾಡುತ್ತದೆ. ಕ್ರಿಮಿ ತನ್ನ ಕಸದಿಂದಲೇ ಸಾಯುತ್ತದೆ. ನಮ್ಮ ಕಾವಲು ಕಣಗಳಲ್ಲಿಯೂ ಅಂಥದೇ ಹುಳಿಚೀಲವಿದೆ. ಹಿಡಿದು ತಂದ ಚೂರುಗಳನ್ನು ಅವು ಅಲ್ಲಿ ಅರೆದು, ‘ಇಗೋ ಹಗೆ’ ಎಂದು ಉಳಿದ ಕಣಗಳಿಗೆ ತೋರಿಸುತ್ತವೆ. ಮಾತ್ರೆ ಇಲ್ಲಿಯೂ ಚೀಲ ಸೇರಿ ಹುಳಿಯನ್ನು ಮುರಿಯುತ್ತದೆ. ಹುಳಿ ಮುರಿದರೆ ಅರೆಯುವ ಕೆಲಸ ನಿಧಾನ, ಕೂಗು ಕ್ಷೀಣ, ದೊಣ್ಣೆಯೆತ್ತುವವರೂ ಕಡಮೆ. ಇಲ್ಲಿ ಅದು ಯಾವುದನ್ನೂ ಕೊಲ್ಲುವುದಿಲ್ಲ, ಗದ್ದಲವನ್ನು ತಗ್ಗಿಸುತ್ತದೆ, ಅಷ್ಟೆ. ಆದುದರಿಂದಲೇ ಜ್ವರಕ್ಕೆ ಮೂರು ದಿನದ ಮಾತ್ರೆ, ಬಾಯಿಗೆ ತಿಂಗಳುಗಟ್ಟಲೆ.

ಹಾಗಾದರೆ ಬಾಯಿಯ ರೋಗಕ್ಕೆ ಅದರಿಂದ ಗುಣವಾದದ್ದುಂಟೆ? 1993ರಲ್ಲಿ ಅಮೆರಿಕದ ಡಾ. ಐಸನ್ ಎಂಬವರು ಹತ್ತು ರೋಗಿಗಳಿಗೆ ದಿನಕ್ಕೆ 200ರಿಂದ 400 ಮಿಲಿಗ್ರಾಮಿನಂತೆ ಆರು ತಿಂಗಳು ಇದನ್ನು ಕೊಟ್ಟರು. ಒಂಬತ್ತು ಮಂದಿಗೆ ಚೆನ್ನಾಗಿ ಗುಣ ಕಂಡಿತು. ಉರಿ ತಗ್ಗಲು ಒಂದೆರಡು ತಿಂಗಳು, ಹುಣ್ಣು ಮಾಯಲು ಮೂರರಿಂದ ಆರು ತಿಂಗಳು ಬೇಕಾಯಿತು. ಕೇಳಲು ಸೊಗಸಾಗಿದೆ. ಆದರೆ ಹತ್ತೇ ಜನ, ಬೇರೆ ಔಷಧ ಕೊಟ್ಟವರೊಡನೆ ಹೋಲಿಸಿ ನೋಡಲೂ ಇಲ್ಲ. ಈ ರೋಗವಾದರೋ ಒಂದು ತಿಂಗಳು ಕೆರಳಿ ಇನ್ನೊಂದು ತಿಂಗಳು ತಾನಾಗಿ ತಗ್ಗುವ ಜಾತಿಯದು. ಆಮೇಲೆ ನಮ್ಮ ದೇಶದಲ್ಲಿಯೂ ಹೊರಗೂ ಸಣ್ಣ ಪ್ರಯೋಗಗಳು ನಡೆದಿವೆ. ಕೆಲವರಿಗೆ ಉಪಕಾರವಾಗಿದೆ ಎಂಬಷ್ಟನ್ನು ಅವುಗಳಿಂದ ಹೇಳಬಹುದು. ಖಂಡಿತವಾದ ತೀರ್ಪು ಕೊಡುವಷ್ಟು ದೊಡ್ಡವು ಅವಲ್ಲ.

ಇದರ ಎದುರಿಗೆ 2020ನೆಯ ಇಸವಿಯನ್ನು ಇಟ್ಟು ನೋಡಿರಿ. ಕೊರೋನಾ ಬಂದಾಗ ಇದೇ ಮಾತ್ರೆಯ ಹೆಸರು ಜಗತ್ತಿನ ಬಾಯಲ್ಲೆಲ್ಲ ಓಡಾಡಿತು. ಮಾರ್ಚಿನಲ್ಲಿ ನಮ್ಮ ಸರಕಾರ ಅದರ ರಫ್ತನ್ನು ತಡೆಯಿತು. ಚೀಟಿಯಿಲ್ಲದೆ ಮಾರಕೂಡದೆಂದು ಕಟ್ಟು ಮಾಡಿತು. ಧಾರಾವಿಯ, ವರಳಿಯ ಜನಕ್ಕೆ ಹಂಚುವ ಮಾತೂ ಎದ್ದಿತು. ಇಂಗ್ಲೆಂಡಿನಲ್ಲಿ ರಿಕವರಿ ಎಂಬ ಹೆಸರಿನ ಪರೀಕ್ಷೆಯಲ್ಲಿ 1,561 ರೋಗಿಗಳಿಗೆ ಮಾತ್ರೆ ಕೊಟ್ಟು, 3,155 ರೋಗಿಗಳಿಗೆ ಕೊಡದೆ ಹೋಲಿಸಿ, ಜೂನ್ ತಿಂಗಳಷ್ಟರಲ್ಲಿ ‘ಆಸ್ಪತ್ರೆ ಸೇರಿದ ಕೊರೋನಾ ರೋಗಿಗಳಿಗೆ ಇದರಿಂದ ಪ್ರಯೋಜನವಿಲ್ಲ’ ಎಂದು ತೀರ್ಮಾನಿಸಿದರು. ಮೂರೇ ತಿಂಗಳು! ಮನಸ್ಸಿದ್ದರೆ, ಹಣವಿದ್ದರೆ, ಒಂದು ಪ್ರಶ್ನೆಗೆ ಉತ್ತರ ಎಷ್ಟು ಬೇಗ ಸಿಗುತ್ತದೆ ನೋಡಿ. ಬಾಯಿಯ ಉರಿಯವರ ಪ್ರಶ್ನೆ 1993ರಿಂದ ಕಾದು ಕುಳಿತಿದೆ.

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಈ ಮಾತ್ರೆ ಹಳೆಯದು. ಅದರ ಮೇಲೆ ಯಾರ ಹಕ್ಕೂ ಉಳಿದಿಲ್ಲ. ಒಂದು ಮಾತ್ರೆಗೆ ಹೆಚ್ಚುಕಡಮೆ ಒಂದು ಕಟಿಂಗ್ ಚಹಾದ ಬೆಲೆ. ನೂರಾರು ರೋಗಿಗಳನ್ನು ಸೇರಿಸಿ ವರ್ಷಗಟ್ಟಲೆ ಪರೀಕ್ಷೆ ನಡೆಸಿ, ಗುಣವಿದೆಯೆಂದು ಸಿದ್ಧವಾದರೂ ಯಾವ ಕಂಪನಿಗೂ ಲಾಭವಿಲ್ಲ. ಹೊಸ ಔಷಧವಾದರೆ ಹತ್ತು ಮಂದಿ ಓಡಿ ಬರುತ್ತಾರೆ. ಅಗ್ಗದ ಔಷಧದ ಸತ್ಯವನ್ನು ತಿಳಿಯಬೇಕೆಂಬ ಹಂಬಲ ಬಡವನಿಗೆ ಮಾತ್ರ. ಅವನ ಕೈಯಲ್ಲಿ ಪ್ರಯೋಗಶಾಲೆಯಿಲ್ಲ. ಆದುದರಿಂದ ಇದು ಸರಕಾರಿ ದಂತವೈದ್ಯ ಕಾಲೇಜುಗಳೂ ನಗರಪಾಲಿಕೆಯ ಆಸ್ಪತ್ರೆಗಳೂ ಕೂಡಿ ಮಾಡಬೇಕಾದ ಕೆಲಸ. ಅವುಗಳ ಬಾಗಿಲಲ್ಲಿ ಸಾಲು ನಿಲ್ಲುವ ರೋಗಿಗಳಿಗೆ ಕೊರತೆಯೇ? ನಾಲ್ಕಾರು ಆಸ್ಪತ್ರೆಗಳು ಒಂದೇ ಕ್ರಮದಲ್ಲಿ ಔಷಧ ಕೊಟ್ಟು ಲೆಕ್ಕವಿಟ್ಟರೆ ಕೆಲವೇ ವರ್ಷಗಳಲ್ಲಿ ಉತ್ತರ ದೊರೆತೀತು. ಕೆಲಸಗಾರರ ಸಂಘಗಳು ಬೇಡಿಕೆಯ ಪತ್ರ ಬರೆಯುವಾಗ ಸಂಬಳದ ಸಾಲಿನ ಕೆಳಗೆ ಇಂಥದೊಂದು ಸಾಲೂ ಇರಲಿ ಎಂದು ನನ್ನ ಸೂಚನೆ.

ಅಲ್ಲಿಯವರೆಗೆ ರೋಗಿ ಏನು ಮಾಡಬೇಕು? ನನ್ನ ಪರಿಚಯದ ಒಬ್ಬ ಇಡ್ಲಿ ಭಟ್ಟರಿದ್ದರು, ಡೊಂಬಿವಲಿಯ ಕಡೆಯವರು. ಯಾರೋ ‘ಮಲೇರಿಯಾದ ಮಾತ್ರೆಯಿಂದ ಬಾಯಿಹುಣ್ಣು ಹೋಗುತ್ತದಂತೆ’ ಎಂದದ್ದೇ ಸಾಕಾಯಿತು, ಔಷಧದಂಗಡಿಯಿಂದ ಕ್ಲೋರೋಕ್ವಿನ್ ತಂದು ದಿನಕ್ಕೊಂದರಂತೆ ನುಂಗತೊಡಗಿದರು. ವೈದ್ಯರ ಚೀಟಿಯಿಲ್ಲ, ಲೆಕ್ಕವಿಲ್ಲ. ಬಾಯಿಯ ಉರಿ ಇದ್ದಂತೆಯೇ ಇತ್ತು. ಕೊನೆಗೆ ಪರೀಕ್ಷಿಸಿದಾಗ ಅವರದು ಲೈಕನ್ನೇ ಆಗಿರಲಿಲ್ಲ, ತಂಬಾಕಿನಿಂದ ಬಂದ ಮಚ್ಚೆ. ಅಷ್ಟು ತಿಂಗಳು ವ್ಯರ್ಥವಾದವು. ಅಂಥ ಮಚ್ಚೆಯಲ್ಲಿ ತಿಂಗಳುಗಳಿಗೆ ಬೆಲೆಯುಂಟು.

ಮೊದಲ ಕೆಲಸ ಪರೀಕ್ಷೆ. ಕೆನ್ನೆಯ ಒಳಗಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ‘ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ’ ಎಂದು ಊರಲ್ಲಿ ಹೇಳುವ ಮಾತನ್ನು ನಂಬಬೇಡಿ. ಲೈಕನ್ ಇದ್ದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ವರ್ಷಗಳ ಮೇಲೆ ಅಲ್ಲಿ ಕ್ಯಾನ್ಸರ್ ಹುಟ್ಟುವುದುಂಟು. ಹೆದರಿ ನಿದ್ದೆಗೆಡುವಷ್ಟಲ್ಲ, ಆದರೆ ವರ್ಷಕ್ಕೆ ಒಂದೆರಡು ಬಾರಿ ಬಾಯಿ ತೋರಿಸದೆ ಇರುವಷ್ಟು ಹಗುರವೂ ಅಲ್ಲ.

ಲೈಕನ್ನೆಂದು ಖಚಿತವಾದರೂ ಮೊದಲು ಕೊಡುವುದು ಈ ಮಾತ್ರೆಯಲ್ಲ; ಹುಣ್ಣಿನ ಮೇಲೆ ಹಚ್ಚುವ ಸ್ಟೀರಾಯ್ಡ್ ಮುಲಾಮು. ಅನೇಕರಿಗೆ ಅಷ್ಟರಿಂದಲೇ ಸಾಕಾಗುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳಿಂದ, ನೋವಿನ ಮಾತ್ರೆಗಳಿಂದ, ಹಲ್ಲಿಗೆ ತುಂಬಿದ ಬೆಳ್ಳಿ ಸಿಮೆಂಟಿನಿಂದ ಇಂಥದೇ ಗೆರೆ ಬಂದಿದ್ದರೆ ಅವುಗಳನ್ನು ಬದಲಾಯಿಸುತ್ತಾರೆ. ಇವೆಲ್ಲ ಸೋತಾಗ ಮಾತ್ರ ಹೈಡ್ರಾಕ್ಸಿಕ್ಲೋರೋಕ್ವಿನ್ನಿನ ಯೋಚನೆ. ಅದರ ಪ್ರಮಾಣ ಮೈತೂಕದ ಮೇಲೆ: ಒಂದು ಕಿಲೋಗೆ ದಿನಕ್ಕೆ 5 ಮಿಲಿಗ್ರಾಮ್ ಮೀರಬಾರದು. ಅರವತ್ತು ಕಿಲೋ ತೂಗುವವನಿಗೆ 300, ಅಂದರೆ ಒಂದು ದಿನ ಒಂದು ಮಾತ್ರೆ, ಮರುದಿನ ಎರಡು. ನಲವತ್ತು ಕಿಲೋ ತೂಗುವ ನಮ್ಮ ತಾಯಂದಿರಿಗೆ ದಿನಕ್ಕೆ ಒಂದೇ. ಗಂಡನ ಚೀಟಿ ನೋಡಿ ಹೆಂಡತಿ ನುಂಗುವ ಪದ್ಧತಿ ಇಲ್ಲಿ ಬಹಳ ಅಪಾಯಕರ. ಯಾಕೆಂದರೆ ಪ್ರಮಾಣ ಮೀರಿ ವರ್ಷಗಟ್ಟಲೆ ಸೇವಿಸಿದರೆ ಈ ಮಾತ್ರೆ ಕಣ್ಣಿನ ಹಿಂಪರದೆಯನ್ನು ಕೆಡಿಸುತ್ತದೆ. ಕೆಟ್ಟ ಮೇಲೆ ಅದು ಸರಿಹೋಗುವುದಿಲ್ಲ. ಪ್ರಾರಂಭದಲ್ಲಿ ಒಮ್ಮೆ ಕಣ್ಣಿನ ಪರೀಕ್ಷೆ, ಐದು ವರ್ಷ ದಾಟಿದರೆ ಪ್ರತಿವರ್ಷವೂ ಪರೀಕ್ಷೆ ಆಗಬೇಕು. ಮೂತ್ರಪಿಂಡದ ತೊಂದರೆಯಿದ್ದವರಿಗೆ ಇನ್ನೂ ಬೇಗನೆ. ಹೃದಯದ ಬಡಿತದಲ್ಲಿ ದೋಷವಿದ್ದವರೂ, ಸಕ್ಕರೆ ರೋಗಕ್ಕೆ ಔಷಧ ತೆಗೆದುಕೊಳ್ಳುವವರೂ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು; ಈ ಮಾತ್ರೆಯಿಂದ ರಕ್ತದ ಸಕ್ಕರೆ ಇಳಿಯುವುದುಂಟು. ಬಹುಕಾಲ ಸೇವಿಸಿದವರ ಅಂಗಳದಲ್ಲಿ ನೀಲಿಗಪ್ಪು ಬಣ್ಣ ಕಾಣಿಸಿಕೊಂಡರೆ ಅದು ಮಾತ್ರೆಯದೇ ಬಣ್ಣವಿರಬಹುದು. ಗಾಬರಿಯಾಗದೆ ವೈದ್ಯರಿಗೆ ತೋರಿಸಿ. ಆರು ತಿಂಗಳಾದರೂ ಬಾಯಿಗೆ ಏನೂ ಉಪಕಾರ ಕಾಣದಿದ್ದರೆ ಮುಂದುವರಿಸಬೇಕೇ ಎಂದು ಅವರನ್ನೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಇಷ್ಟಕ್ಕೆಲ್ಲ ಹಣವೆಲ್ಲಿ ಎಂದು ಕೇಳುವಿರಿ. ಕೋಪರಿಯಿಂದ ಠಾಣೆ ಸ್ಟೇಷನ್ನಿಗೆ ಕಾಲ್ನಡಿಗೆಯ ದಾರಿ. ಅಲ್ಲಿಂದ ಒಂದು ಸ್ಟೇಷನ್ ಆಚೆ ಕಳವೆಯಲ್ಲಿ ಠಾಣೆ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಯಿದೆ. ಮುಂಬಯಿಯ ಕಡೆಗೆ ಹೋಗುವುದಾದರೆ ಗಾಡಿಯ ಕಡೆಯ ಸ್ಟೇಷನ್ನಿನ ಹತ್ತಿರ, ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ದಂತವೈದ್ಯ ಕಾಲೇಜಿದೆ. ಮುಂಬಯಿ ಸೆಂಟ್ರಲಿನಲ್ಲಿ ನಾಯರ್ ದಂತ ಆಸ್ಪತ್ರೆ. ಇ.ಎಸ್.ಐ. ಕಾರ್ಡಿದ್ದವರು ಅದರ ಮೂಲಕವೂ ಹೋಗಬಹುದು. ಒಂದು ದಿನದ ಸಂಬಳ ಹೋದೀತು, ಅದು ನನಗೆ ಗೊತ್ತು. ಎರಡು ವಾರ ದಾಟಿದರೂ ಮಾಯದ ಹುಣ್ಣಿಗೆ ಆ ಒಂದು ದಿನವನ್ನು ಕೊಡಲೇಬೇಕು.

ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು, ಓದಲು ಬರೆಯಲು ಬಾರದವರು ಮಾತ್ರೆಗಳ ಖಾಲಿ ಹಾಳೆಗಳನ್ನು, ಜೇಬಿನಲ್ಲಿಟ್ಟುಕೊಂಡು ಹೋಗಿ. ಕವಳ, ತಂಬಾಕಿನ ಅಭ್ಯಾಸವಿದ್ದರೆ ಮುಚ್ಚಿಡದೆ ಹೇಳಿ. ಮರಾಠಿ ಬಾರದ ಹೊಸ ಹುಡುಗರ ಜೊತೆಗೆ ಸಂಘದ ಹಿರಿಯರೊಬ್ಬರು ಹೋಗಲಿ. ಇಂದು ಸಭೆ ಮುಗಿದ ಮೇಲೆ ನಾನು ಇಲ್ಲಿಯೇ ಕೂತಿರುತ್ತೇನೆ. ಬಾಯಿ ತೋರಿಸಬೇಕೆನ್ನುವವರು ಬರಬಹುದು. ಟಾರ್ಚು ತಂದಿದ್ದೇನೆ.